ಪಹಣಿಯ ಮೂಲಕ ಕಂಪ್ಯೂಟರ್ ಪಾಠ



ಮಾಲೂರಿನ ತಾಲ್ಲೂಕು ಕಚೇರಿಗೆ ಪಹಣಿಗೆಂದು ಹೋದಾಗ “ಡೇಟಾ ತಪ್ಪಿದೆ”, “ಸರ್ವರ್ ಇಲ್ಲ, ಆಮೇಲೆ ಬನ್ನಿ” ಎಂಬ ಮಾತುಗಳನ್ನು ನೀವು ಕೇಳಿರಬಹುದು. ಅರ್ಥವಾಗದೆ ತಲೆಯಾಡಿಸಿ ಬಸ್ಸು ಹತ್ತಿದವರೂ ಉಂಟು. ಈ ಮಾತುಗಳು ಕಷ್ಟವಾದುವಲ್ಲ. ಅವನ್ನು ತಿಳಿದವರು ತಮ್ಮ ಜಮೀನಿನ ದಾಖಲೆಯನ್ನು ತಾವೇ ಕಾಯ್ದುಕೊಳ್ಳಬಲ್ಲರು.

ಹಿಂದೆ ಗ್ರಾಮಲೆಕ್ಕಿಗರು ಪಹಣಿಯನ್ನು ಕೈಯಲ್ಲಿ ಬರೆಯುತ್ತಿದ್ದರು. ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಲಾಯಿತು. 2002ರ ವೇಳೆಗೆ ಕೈಬರಹದ ಪಹಣಿಯ ಚಲಾವಣೆ ನಿಂತಿತು.

ಕಂಪ್ಯೂಟರ್: ಕೊಟ್ಟ ವಿವರವನ್ನು ಇಟ್ಟುಕೊಂಡು, ಕೇಳಿದಾಗ ಹುಡುಕಿ, ಲೆಕ್ಕ ಹಾಕಿ ಕೊಡುವ ಯಂತ್ರ. ಅದು ನಿಮ್ಮ ಹೊಲವನ್ನು ಕಂಡಿಲ್ಲ. ಬೆರಳಚ್ಚಿನಲ್ಲಿ ಏನು ಹೋಯಿತೋ ಅದನ್ನೇ ಹಿಂದಕ್ಕೆ ಕೊಡುತ್ತದೆ.

ಹಾರ್ಡ್‌ವೇರ್: ಯಂತ್ರದಲ್ಲಿ ಕೈಗೆ ಸಿಗುವ ಭಾಗಗಳು. ಅಕ್ಷರ ಒತ್ತುವ ಮಣೆ ಕೀಬೋರ್ಡ್. ತೋರಿಸುವ ಪರದೆ ಮಾನಿಟರ್. ಪರದೆಯ ಮೇಲಿನ ಗುರುತನ್ನು ಅತ್ತಿತ್ತ ಸರಿಸುವುದು ಮೌಸ್. ಕಾಗದದ ಮೇಲೆ ಅಚ್ಚು ಹಾಕುವುದು ಪ್ರಿಂಟರ್.

ಸಾಫ್ಟ್‌ವೇರ್: ಯಾವ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕೆಂದು ಯಂತ್ರಕ್ಕೆ ಹೇಳುವ ಆಜ್ಞೆಗಳು. ಅದು ಕೈಗೆ ಸಿಗುವುದಿಲ್ಲ. ಪಂಪ್‌ಸೆಟ್ಟು ಹಾರ್ಡ್‌ವೇರ್ ಇದ್ದಂತೆ. ಯಾವ ಮಡಿಗೆ ಯಾವಾಗ ನೀರು ಬಿಡಬೇಕೆಂಬ ಸರದಿ ಸಾಫ್ಟ್‌ವೇರ್ ಇದ್ದಂತೆ. ಪಹಣಿ ಕೊಡುವ ಸಾಫ್ಟ್‌ವೇರಿನ ಹೆಸರೇ ‘ಭೂಮಿ’.

ಡೇಟಾ: ಯಂತ್ರಕ್ಕೆ ತುಂಬಿದ ವಿವರ. ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ, ಖಾತೆದಾರರ ಹೆಸರು, ಸಾಲ, ಬೆಳೆ ಎಲ್ಲವೂ ಡೇಟಾ. ನಮಗೆ ಲಾಭ ನಷ್ಟ ಇರುವುದು ಇಲ್ಲಿಯೇ. 1 ಎಕರೆ 20 ಗುಂಟೆ ಎಂಬಲ್ಲಿ 1 ಎಕರೆ 2 ಗುಂಟೆ ಎಂದು ಒತ್ತಿಬಿಟ್ಟರೆ, ಕಾಗದದಲ್ಲಿ 18 ಗುಂಟೆ ಹೋಯಿತು! ಹೊಲ ಇದ್ದಲ್ಲೇ ಇರುತ್ತದೆ. ಆದರೆ ಸಾಲಕ್ಕೋ ಪರಿಹಾರಕ್ಕೋ ಹೋದಾಗ ಅಧಿಕಾರಿಗಳು ನೋಡುವುದು ಕಾಗದವನ್ನು.

ಸರ್ವರ್: ಅನೇಕ ಕಂಪ್ಯೂಟರುಗಳಿಗೆ ವಿವರ ಒದಗಿಸುವ ದೊಡ್ಡ ಕಂಪ್ಯೂಟರ್. ಅದು ಬೇರೆ ಊರಿನಲ್ಲಿರಬಹುದು. ಅದನ್ನೂ ಕಚೇರಿಯ ಕಂಪ್ಯೂಟರನ್ನೂ ಜೋಡಿಸುವ ಜಾಲವೇ ಇಂಟರ್‌ನೆಟ್. “ಸರ್ವರ್ ಇಲ್ಲ” ಎಂದರೆ ಸಾಮಾನ್ಯವಾಗಿ ಆ ಹೊತ್ತಿಗೆ ಸಂಪರ್ಕ ಸಿಗುತ್ತಿಲ್ಲವೆಂದು ಅರ್ಥ. ನಿಮ್ಮ ದಾಖಲೆ ಅಳಿಸಿಹೋಯಿತೆಂದಲ್ಲ. ಗಾಬರಿಯಾಗಬೇಡಿರಿ.

ಪಾಸ್‌ವರ್ಡ್ ಮತ್ತು ಓ.ಟಿ.ಪಿ.: ಇವು ಬೀಗದ ಕೈಗಳು. ಪಾಸ್‌ವರ್ಡ್ ನೀವೇ ಇಟ್ಟುಕೊಂಡ ಗುಟ್ಟಿನ ಪದ; ಓ.ಟಿ.ಪಿ. ಒಂದೇ ಸಲಕ್ಕೆಂದು ಮೊಬೈಲಿಗೆ ಬರುವ ಅಂಕಿ. ಬ್ಯಾಂಕಿನವರೆಂದು ಹೇಳಿ ಯಾರೇ ಫೋನಿನಲ್ಲಿ ಕೇಳಿದರೂ ಹೇಳಕೂಡದು. ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿರಿ, ಬ್ಯಾಂಕಿಗೂ ತಿಳಿಸಿರಿ.

ಈ ವಾರ ಮಾಡಬೇಕಾದ ಕೆಲಸ ಇಷ್ಟೇ. ಹೊಸದಾಗಿ ಒಂದು ಪಹಣಿ ಪಡೆಯಿರಿ. ಓದುವ ಮಗಳನ್ನೋ ಮಗನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ಕ್ರಯಪತ್ರದೊಡನೆಯೂ ಹಳೆಯ ಪಹಣಿಯೊಡನೆಯೂ ಹೋಲಿಸಿರಿ. 9ನೆಯ ಕಾಲಂನಲ್ಲಿ ಹೆಸರು, ವಿಸ್ತೀರ್ಣ ಸರಿಯಿದೆಯೇ? 11ನೆಯ ಕಾಲಂನಲ್ಲಿ ತೀರಿಸಿದ ಸಾಲ ಇನ್ನೂ ಉಳಿದಿದೆಯೇ? ಉಳಿದಿದ್ದರೆ ಬ್ಯಾಂಕಿನಿಂದ ತೀರುವಳಿ ಪತ್ರ ತನ್ನಿರಿ. ತಪ್ಪು ಕಂಡರೆ ಬಾಯಿಮಾತಿನಲ್ಲಿ ಹೇಳಿ ಬರಬೇಡಿರಿ. ದಾಖಲೆಗಳ ನಕಲನ್ನು ಲಗತ್ತಿಸಿ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟು, ರಸೀತಿ ಪಡೆಯಿರಿ.

ಬದುವಿನ ಕಲ್ಲು ಸರಿದರೆ ಅಂದೇ ನೋಡಿ ಕೇಳುತ್ತೀರಿ. ಪಹಣಿಯಲ್ಲಿ ಒಂದು ಅಂಕಿ ಸರಿದರೂ ಹಾಗೆಯೇ ಕೇಳಿರಿ.