ಅಭ್ಯಾಸದಿಂದ ತಿದ್ದಲ್ಪಟ್ಟ ನಾಲಿಗೆ

ಸಭೆಯಲ್ಲಿ ಎದ್ದು ನಾಲ್ಕು ಮಾತಾಡಬೇಕೆಂದರೆ ನಮ್ಮಲ್ಲಿ ಅನೇಕರಿಗೆ ಮೊಣಕಾಲು ನಡುಗುವದು, ನಾಲಿಗೆ ಒಣಗುವದು. "ಮಾತುಗಾರಿಕೆ ಹುಟ್ಟಿನಿಂದ ಬರತಕ್ಕದ್ದು" ಎಂದು ಹೇಳಿ ಹಿಂದಿನ ಸಾಲಿನಲ್ಲಿ ಕೂತುಬಿಡುತ್ತೇವೆ. ಹೀಗಿರಲಾಗಿ ನಮ್ಮ ಕೇರಿಯ ನೀರಿನ ಕೊರತೆಯು ಗ್ರಾಮಸಭೆಯಲ್ಲಿ ಯಾರ ಬಾಯಿಂದಲೂ ಹೊರಡದೆ ಹೋಗುವದು. ಆ ನೆವವು ಸರಿಯೋ ಎಂಬದನ್ನು ಗ್ರೀಸ್ ದೇಶದ ಡೆಮೊಸ್ತೆನೀಸನ ಚರಿತ್ರೆಯಿಂದ ವಿಚಾರಿಸೋಣ.

ಇವನು ಕ್ರಿ. ಪೂ. 384ರಲ್ಲಿ ಅಥೇನೆ ಪಟ್ಟಣದಲ್ಲಿ ಹುಟ್ಟಿದನು. ಏಳು ವರುಷದವನಿರುವಾಗ ತಂದೆ ತೀರಿಹೋದನು. ಪೋಷಕರು ಆಸ್ತಿಯನ್ನು ನುಂಗಿದರು. ಅಲ್ಲಿಯ ನ್ಯಾಯಸ್ಥಾನದಲ್ಲಿ ವಾದಿಯು ತಾನೇ ನಿಂತು ಮಾತಾಡಬೇಕಾಗಿತ್ತು. ಆದಕಾರಣ ಮಾತು ಬಾರದವನಿಗೆ ಪಿತ್ರಾರ್ಜಿತವೂ ಬಾರದು. ಇವನು ಪ್ರಾಯಕ್ಕೆ ಬಂದು ವ್ಯಾಜ್ಯ ಹೂಡಿ ಗೆದ್ದನು. ಆದರೂ ಸ್ವಲ್ಪವೇ ಕೈಸೇರಿತು. ಬಳಿಕ ಜನಸಭೆಯಲ್ಲಿ ಮೊದಲು ಮಾತಾಡಿದಾಗ ಜನರು ನಕ್ಕರು. ಯಾಕಂದರೆ ಸ್ವರವು ಬಲಹೀನ, ಉಚ್ಚಾರವು ಅಸ್ಪಷ್ಟ, ಉಸಿರು ಗಿಡ್ಡ. ವಾಕ್ಯಗಳೋ ಉದ್ದವೂ ತೊಡಕೂ ಆಗಿದ್ದವು.

ಆಮೇಲೆ ಅವನು ಮಾಡಿದ್ದನ್ನು ಪ್ಲುತಾರ್ಕನು ಬರೆದಿಟ್ಟಿದ್ದಾನೆ. ಅದರಿಂದ ನಾವು ಕಲಿಯತಕ್ಕವುಗಳು ಇವು:

1. ಉಚ್ಚಾರ. ಅವನು ಬಾಯಲ್ಲಿ ಹರಳುಗಳನ್ನಿಟ್ಟುಕೊಂಡು ಮಾತಾಡಿ ನಾಲಿಗೆಯನ್ನು ಪಳಗಿಸಿದನು. ನಮಗೆ ಹರಳು ಬೇಡ, ಗಂಟಲಲ್ಲಿ ಸಿಕ್ಕೀತು. ದಿನಾಲು ಒಂದು ಪುಟವನ್ನು ಅಕ್ಷರ ನುಂಗದೆ ಗಟ್ಟಿಯಾಗಿ ಓದಿದರೆ ಸಾಕು.

2. ಉಸಿರು. ಅವನು ಏರು ಹತ್ತುತ್ತಾ ವಾಕ್ಯಗಳನ್ನು ಹೇಳುತ್ತಿದ್ದನು. ನಾವು ವಾಕ್ಯವನ್ನು ಗಿಡ್ಡಮಾಡಿ, ಅದು ಮುಗಿದಲ್ಲಿ ನಿಂತು ಉಸಿರೆಳೆಯೋಣ. ಹಿಂದಿನ ಸಾಲಿನ ಮುದುಕಿಗೆ ಕೇಳಿಸುವಷ್ಟು ಸ್ವರವಿರಲಿ, ಅರಚುವದು ಬೇಡ.

3. ಭಾವ. ಸತೀರನೆಂಬ ನಟನು ಅವನಿಂದ ಕೆಲವು ಸಾಲುಗಳನ್ನು ಹೇಳಿಸಿ, ಅವನ್ನೇ ತಾನು ಭಾವಕ್ಕೆ ತಕ್ಕಂತೆ ಹೇಳಿ ತೋರಿಸಿದನು. ಮಾತು ಒಂದೇ, ಕೇಳುವವರ ಮೇಲೆ ಅದರ ಬಲವು ಬೇರೆ. ನಮ್ಮ ತಪ್ಪನ್ನು ನಯವಾಗಿ ತೋರಿಸುವ ಒಬ್ಬ ಸ್ನೇಹಿತನ ಮುಂದೆ ಮೊದಲು ಮಾತಾಡೋಣ.

4. ಸಿದ್ಧತೆ. ಅವನ ಮಾತಿನಲ್ಲಿ ದೀಪದ ಬತ್ತಿಯ ವಾಸನೆ ಇದೆಯೆಂದು ವಿರೋಧಿಗಳು ಹಾಸ್ಯಮಾಡಿದರು, ಅಂದರೆ ರಾತ್ರಿಯೆಲ್ಲಾ ಸಿದ್ಧಮಾಡುವವನೆಂದು ಅರ್ಥ. ಅದು ನಿಂದೆಯಲ್ಲ. ಮೂರು ಸಂಗತಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಏಳುವವನು ದಾರಿ ತಪ್ಪುವದಿಲ್ಲ.

ಇವನು ಮಕೆದೋನ್ಯದ ಅರಸನಾದ ಫಿಲಿಪ್ಪನ ವಿಷಯವಾಗಿ ಜನರನ್ನು ಬಹು ಕಾಲ ಎಚ್ಚರಿಸಿದನು. ಆದಾಗ್ಯೂ 338ರಲ್ಲಿ ಅವರು ಯುದ್ಧದಲ್ಲಿ ಸೋತರು. ಒಳ್ಳೇ ಮಾತು ಯಾವಾಗಲೂ ಗೆಲ್ಲುವದಿಲ್ಲ. ಆದರೆ ಮಡಿದವರ ಸಮಾಧಿಯ ಬಳಿಯಲ್ಲಿ ಮಾತಾಡುವದಕ್ಕೆ ಆ ಪಟ್ಟಣದವರು ಆರಿಸಿದ್ದು ಒಂದಾನೊಂದು ಕಾಲದಲ್ಲಿ ತಾವು ನಕ್ಕು ಇಳಿಸಿದ ಇವನನ್ನೇ. ಆದದರಿಂದ, ಓ ವಾಚಕನೇ, ನಿನ್ನ ಮೊದಲನೆಯ ಮಾತಿಗೆ ಜನರು ನಕ್ಕರೆ ಕೂತುಬಿಡಬೇಡ. ಮುಂದಿನ ಸಭೆಗೆ ಈ ಹೊತ್ತೇ ಸಿದ್ಧಮಾಡು.