ಕೇಸ್ ಶೀಟಿನ ಮೊದಲ ಪುಟ ಓದಿದ್ದೀರಾ?

ಡಿಸ್ಚಾರ್ಜ್ ಆದ ದಿನ ಕೈಗೆ ಸಿಗುವ ಎರಡು-ಮೂರು ಪುಟದ ಸಮ್ಮರಿಯೇ ಆಸ್ಪತ್ರೆಯ ಪೂರ್ತಿ ದಾಖಲೆ ಎಂದು ನಂಬಿದವರೇ ಹೆಚ್ಚು. ನನ್ನ ಕಚೇರಿಗೆ ಅದನ್ನು ಲ್ಯಾಮಿನೇಷನ್ ಮಾಡಿಸಿ ತಂದವರೂ ಇದ್ದಾರೆ. ‘ಕೇಸ್ ಶೀಟ್ ಎಲ್ಲಿ?’ ಎಂದರೆ, ‘ಅದು ಆಸ್ಪತ್ರೆಯವರದ್ದಲ್ವಾ ಸಾರ್? ಕೇಳಿದ್ರೆ ಡಾಕ್ಟ್ರು ಬೇಜಾರು ಮಾಡ್ಕೋತಾರೆ’ ಅನ್ನುತ್ತಾರೆ. ಮೂಲ ಪ್ರತಿ ಆಸ್ಪತ್ರೆಯಲ್ಲೇ ಇರುತ್ತದೆ, ಸರಿ. ನಕಲು ಪಡೆಯುವುದು ನಿಮ್ಮ ಹಕ್ಕು. ಬೇಜಾರು ಮಾಡಿಕೊಳ್ಳುವುದು ಅವರಿಷ್ಟ.

ಸಮ್ಮರಿಯಲ್ಲಿ ಏನಿರಬೇಕು, ಏನು ಬೇಡ ಎಂದು ಆರಿಸುವವರು ಆಸ್ಪತ್ರೆಯವರು. ದಾಖಲಾದಾಗ ಡ್ಯೂಟಿ ಡಾಕ್ಟರ್ ಬರೆದ ಟಿಪ್ಪಣಿ, ದಿನದಿನದ ರೌಂಡ್ಸ್ ಬರಹ, ನರ್ಸ್‌ಗಳ ಚಾರ್ಟ್, ಕೊಟ್ಟ ಔಷಧಿಯ ಲೆಕ್ಕ, ಆಪರೇಷನ್ ಟಿಪ್ಪಣಿ, ನೀವು ಓದದೆ ಸಹಿ ಹಾಕಿದ ಒಪ್ಪಿಗೆ ಪತ್ರ ಎಲ್ಲವೂ ಇರುವುದು ಕೇಸ್ ಶೀಟಿನಲ್ಲಿ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯ ಪ್ರಕಾರ ರೋಗಿ ಅಥವಾ ರೋಗಿಯಿಂದ ಅಧಿಕಾರ ಪಡೆದವರು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಒಳರೋಗಿಯ ದಾಖಲೆಯನ್ನು ಕೊಡಲು ನಿರಾಕರಿಸುವುದು ವೈದ್ಯರ ದುರ್ನಡತೆ. 2023ರ ಆಗಸ್ಟ್‌ನಲ್ಲಿ ಹೊಸ ನಿಯಮಾವಳಿ ಬಂತು. ಅದೇ ತಿಂಗಳು ಅದನ್ನು ತಡೆಹಿಡಿದು ಹಳೆಯದನ್ನೇ ಮುಂದುವರಿಸಿದರು. ಹಾಗಾಗಿ ಕೌಂಟರಿನಲ್ಲಿ ಕೂತವರು ‘ರೂಲ್ಸ್ ಬದಲಾಗಿದೆ’ ಎಂದರೆ ವಾಪಸ್ ಬರಬೇಡಿ.

ಈಗ, ಜನ ಲಕ್ಷಗಟ್ಟಲೆ ಕಳೆದುಕೊಳ್ಳುವ ಜಾಗಕ್ಕೆ ಬರೋಣ. ನಡುರಾತ್ರಿ ಎದೆನೋವು ಎಂದು ಅಪ್ಪನನ್ನು ಎಮರ್ಜೆನ್ಸಿಗೆ ಕರೆದೊಯ್ಯುತ್ತೀರಿ. ನೀವು ಅಡ್ವಾನ್ಸ್ ಕಟ್ಟಲು ಓಡಿರುತ್ತೀರಿ. ಹತ್ತಿರ ನಿಂತ ಭಾವಮೈದುನನನ್ನು ಡ್ಯೂಟಿ ಡಾಕ್ಟರ್ ಕೇಳುತ್ತಾರೆ: ‘ಶುಗರ್ ಇದೆಯಾ? ಎಷ್ಟು ವರ್ಷದಿಂದ?’ ಆತ ಗಾಬರಿಯಲ್ಲಿ ‘ಇರ್ಬೇಕು ಸಾರ್, ಎಂಟು-ಹತ್ತು ವರ್ಷದಿಂದ’ ಅನ್ನುತ್ತಾನೆ. ಶೀಟಿನಲ್ಲಿ ‘ಇರ್ಬೇಕು’ ಬೀಳುವುದಿಲ್ಲ, ‘ಎಂಟು’ ಕೂಡ ಬೀಳುವುದಿಲ್ಲ. ಬೀಳುವುದು ‘ಕೆ.ಸಿ.ಓ. ಡಿ.ಎಂ., 10 ವರ್ಷ’: ಹತ್ತು ವರ್ಷದಿಂದ ಗೊತ್ತಿರುವ ಮಧುಮೇಹ. ಬಿ.ಪಿ.ಗೆ ಎಚ್.ಟಿ.ಎನ್. ಎಂದು ಬರೆಯುತ್ತಾರೆ. ಅಪ್ಪನ ಆರೋಗ್ಯ ವಿಮೆಗೆ ಆಗಿರುವುದು ಎರಡೇ ವರ್ಷ. ವಿಮಾ ಕಂಪನಿಯ ತನಿಖೆಯವನು ಕೇಸ್ ಶೀಟ್ ತರಿಸಿ ಆ ಒಂದು ಸಾಲಿಗೆ ಗೆರೆ ಎಳೆಯುತ್ತಾನೆ. ‘ಮೊದಲೇ ಇದ್ದ ಕಾಯಿಲೆ ಮುಚ್ಚಿಟ್ಟಿದ್ದೀರಿ’ ಎಂಬ ಪತ್ರ ಮನೆಗೆ ಬರುತ್ತದೆ. ತಮ್ಮ ದಾಖಲೆಯಲ್ಲಿ ಹೀಗೊಂದು ಸಾಲಿದೆ ಎಂದು ಮನೆಯವರಿಗೆ ಗೊತ್ತಾಗುವುದೇ ಆಗ.

ಆದ್ದರಿಂದ ರೋಗಿ ವಾರ್ಡಿನಲ್ಲಿರುವಾಗಲೇ ಚಿಕಿತ್ಸೆ ಕೊಡುವ ವೈದ್ಯರನ್ನು ಕೇಳಿ: ‘ಸಾರ್, ಹಿಸ್ಟರಿಯಲ್ಲಿ ಏನು ಬರೆದಿದೆ, ಸ್ವಲ್ಪ ಓದಿ ಹೇಳಿ.’ ತಪ್ಪಿದ್ದರೆ ಹಳೆಯ ಲ್ಯಾಬ್ ರಿಪೋರ್ಟ್, ಮೊದಲ ಸಲ ಮಾತ್ರೆ ಬರೆದ ಓಪಿಡಿ ಚೀಟಿ ತೋರಿಸಿ. ಹಳೆಯ ಸಾಲನ್ನು ಅಳಿಸದೆ, ಸರಿಯಾದ ವಿವರವನ್ನು ದಿನಾಂಕ, ಸಮಯ, ಸಹಿಯೊಂದಿಗೆ ಹೊಸದಾಗಿ ಬರೆಸಿ. ಡಿಸ್ಚಾರ್ಜ್ ಆಗಿಬಿಟ್ಟಿದ್ದರೆ ಅದೇ ವೈದ್ಯರಿಂದ ಸ್ಪಷ್ಟೀಕರಣ ಪತ್ರ ಪಡೆಯಿರಿ. ನಿಜವಾಗಿಯೂ ಹತ್ತು ವರ್ಷದ ಶುಗರ್ ಇದ್ದರೆ ಮಾತ್ರ ಈ ದಾರಿ ಹಿಡಿಯಬೇಡಿ. ಅದು ಸುಳ್ಳು ದಾಖಲೆ ಸೃಷ್ಟಿಸಿದಂತೆ.

ಆಸ್ಪತ್ರೆಯ ಗೇಟಿನ ಬಳಿ, ಇನ್ಶೂರೆನ್ಸ್ ಡೆಸ್ಕಿನ ಸುತ್ತ, ‘ಶೀಟ್ ತಿದ್ದಿಸಿಕೊಡ್ತೀನಿ ಅಣ್ಣ, ಐದು ಸಾವಿರ ಆಗುತ್ತೆ’ ಎನ್ನುವವರು ಸುಳಿಯುತ್ತಿರುತ್ತಾರೆ. ಇಂಥವರನ್ನು ಒಳಗೆ ಬಿಟ್ಟುಕೊಳ್ಳುವ ಸಿಬ್ಬಂದಿಯ ಮೇಲೂ ನನಗೆ ಸಿಟ್ಟಿದೆ. ಕಂಪನಿಯವರ ಬಳಿ ಮೊದಲಿನ ಪ್ರತಿ ಆಗಲೇ ಇದ್ದರೆ, ವೈಟ್ನರ್ ಹಚ್ಚಿದ ನಿಮ್ಮ ಪ್ರತಿ ವಂಚನೆಗೆ ಸಾಕ್ಷಿಯಾಗುತ್ತದೆ. ಗೆಲ್ಲಬಹುದಾಗಿದ್ದ ಕೇಸು ಅಲ್ಲಿಗೆ ಮುಗಿಯುತ್ತದೆ.

ನಕಲು ಪಡೆಯುವ ಕ್ರಮ ಸುಲಭ, ಬರೆದು ಕೇಳಿದರೆ. ಬಾಯಲ್ಲಿ ಕೇಳಿದ್ದಕ್ಕೆ ‘ಸೋಮವಾರ ಬನ್ನಿ’ ಎಂಬ ಉತ್ತರವೇ ಗತಿ. 72 ಗಂಟೆ ಯಾವಾಗ ಶುರುವಾಯಿತು ಎಂದು ತೋರಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ. ರೋಗಿಯ ಹೆಸರು, ಐ.ಪಿ. ನಂಬರ್, ಸೇರಿದ ಮತ್ತು ಬಿಟ್ಟ ದಿನಾಂಕ ಬರೆದು, ‘ಸಂಪೂರ್ಣ ಕೇಸ್ ಶೀಟ್, ಎಲ್ಲ ಪುಟಗಳು’ ಎಂದು ಕೇಳಿ. ‘ದಾಖಲೆ ಕೊಡಿ’ ಎಂದಷ್ಟೇ ಬರೆದರೆ ಮತ್ತೊಂದು ಸಮ್ಮರಿ ಪ್ರಿಂಟ್ ಹಾಕಿ ಕೊಡುತ್ತಾರೆ. ಅರ್ಜಿಯನ್ನು ಮೆಡಿಕಲ್ ಸೂಪರಿಂಟೆಂಡೆಂಟ್ ಜೊತೆಗೆ ಚಿಕಿತ್ಸೆ ಕೊಟ್ಟ ವೈದ್ಯರ ಹೆಸರಿಗೂ ಬರೆಯಿರಿ. ಆ ನಿಯಮ ಕಟ್ಟಿಹಾಕುವುದು ವೈದ್ಯರನ್ನು, ಮ್ಯಾನೇಜರ್‌ನನ್ನಲ್ಲ. ಸೀಲು ಹಾಕಿದ ಸ್ವೀಕೃತಿ ಪಡೆಯಿರಿ. ಕೊಡದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

‘ಕೋರ್ಟ್ ಆರ್ಡರ್ ತನ್ನಿ’ ಎಂದರೆ ನಗಿ. ರೋಗಿಗೆ ತನ್ನದೇ ದಾಖಲೆ ಪಡೆಯಲು ಯಾವ ಆರ್ಡರೂ ಬೇಡ. ‘ಬಿಲ್ ಬಾಕಿ ಇದೆ’ ಎಂಬ ನೆಪಕ್ಕೂ 72 ಗಂಟೆಯ ನಿಯಮದಲ್ಲಿ ಜಾಗವಿಲ್ಲ. ಜೆರಾಕ್ಸ್ ಖರ್ಚು ಕೇಳಿದರೆ ಕೊಟ್ಟು ರಸೀದಿ ಪಡೆಯಿರಿ.

ಆದರೆ ‘ಪೊಲೀಸ್ ಕೇಸ್, ಶೀಟ್ ಅವರ ಹತ್ರ ಇದೆ’ ಎಂಬುದು ಅಪಘಾತದ ಕೇಸುಗಳಲ್ಲಿ ನಿಜವಿರಬಹುದು. ಆಗ ನ್ಯಾಯಾಲಯದ ಮೂಲಕ ನಕಲು ಪಡೆಯಬೇಕಾಗುತ್ತದೆ. ಮಾನಸಿಕ ಚಿಕಿತ್ಸೆಯ ದಾಖಲೆಗೂ 2017ರ ಕಾಯ್ದೆಯಲ್ಲಿ ಹಕ್ಕಿದೆ. ಓದಿದರೆ ರೋಗಿಗೆ ಗಂಭೀರ ಮಾನಸಿಕ ಹಾನಿಯಾಗುತ್ತದೆ ಅಥವಾ ಬೇರೆಯವರಿಗೆ ಅಪಾಯವಾಗುತ್ತದೆ ಎನಿಸಿದ ಭಾಗವನ್ನು ವೈದ್ಯರು ತಡೆಹಿಡಿಯಬಹುದು. ಅದರ ವಿರುದ್ಧ ಮಾನಸಿಕ ಆರೋಗ್ಯ ಪುನರ್‌ವಿಮರ್ಶಾ ಮಂಡಳಿಗೆ ಹೋಗಬಹುದು. ಇನ್ನು, ಗಂಡ ಎಂಬ ಒಂದೇ ಕಾರಣಕ್ಕೆ ಹೆಂಡತಿಯ ದಾಖಲೆ ಕೇಳುವ ಹಕ್ಕಿಲ್ಲ. ವಿಚ್ಛೇದನದ ತಯಾರಿಯಲ್ಲಿರುವ ಗಂಡಂದಿರು ನನ್ನನ್ನು ಇದನ್ನೇ ಕೇಳುತ್ತಾರೆ. ಆಕೆಯ ಸಹಿಯ ಅಧಿಕಾರ ಪತ್ರ ಬೇಕು.

ಸರ್ಕಾರಿ ಆಸ್ಪತ್ರೆಯವರು ಸತಾಯಿಸಿದರೆ 10 ರೂಪಾಯಿ ಶುಲ್ಕದ ಆರ್‌ಟಿಐ ಅರ್ಜಿ ಹಾಕಿ, ಗುರುತಿನ ಚೀಟಿಯ ನಕಲು ಲಗತ್ತಿಸಿ. ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದ ಮಿತಿ. ‘ಯಾಕೆ ಹೀಗೆ ಮಾಡಿದಿರಿ’ ಎಂದು ಕೇಳಬೇಡಿ, ದಾಖಲೆ ಮಾತ್ರ ಕೇಳಿ. ಖಾಸಗಿ ಆಸ್ಪತ್ರೆಯಾದರೆ ವೈದ್ಯರ ಮೇಲೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ಪರಿಷತ್ತು ವೈದ್ಯರ ಮೇಲೆ ಕ್ರಮ ಕೈಗೊಳ್ಳಬಹುದು, ನಿಮಗೆ ಪರಿಹಾರದ ಹಣ ಕೊಡಿಸುವುದಿಲ್ಲ. ಹಣಕ್ಕೆ ಗ್ರಾಹಕ ಆಯೋಗವೇ ಬೇಕು.

ಆಯೋಗಕ್ಕೆ ದೂರು ಕೊಡಲು ಎರಡು ವರ್ಷದ ಗಡುವು. ದಾಖಲೆ ಕೇಳಲೂ ತಡಮಾಡಬೇಡಿ: ಒಳರೋಗಿಯ ದಾಖಲೆಯನ್ನು ವೈದ್ಯರು ಇಟ್ಟುಕೊಳ್ಳಬೇಕಾದ ಅವಧಿ ಮೂರು ವರ್ಷ. ಅದನ್ನೂ ಡಿಸ್ಚಾರ್ಜ್‌ನಿಂದ ಅಲ್ಲ, ಚಿಕಿತ್ಸೆ ಶುರುವಾದ ದಿನದಿಂದ ಎಣಿಸುತ್ತಾರೆ. ಇನ್ನು, ವಿಮೆಯ ಕ್ಲೇಮ್ ತಿರಸ್ಕಾರವಾದರೆ ಮೊದಲು ಕಂಪನಿಗೇ ಲಿಖಿತ ಆಕ್ಷೇಪಣೆ ಕೊಡಿ. ಅವರು ಒಪ್ಪದಿದ್ದರೆ, ಅಥವಾ ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಹೋಗಿ. ಶುಲ್ಕವಿಲ್ಲ, ವಕೀಲರೂ ಬೇಡ. ಒಂದು ವರ್ಷದೊಳಗೆ ಹೋಗಬೇಕು. ಆ ಅರ್ಜಿಯ ಜೊತೆ ಕೇಸ್ ಶೀಟಿನ ಮೊದಲ ಪುಟ, ವೈದ್ಯರ ಸ್ಪಷ್ಟೀಕರಣ ಪತ್ರ ಮತ್ತು ಶುಗರ್ ಮೊದಲು ಕಂಡ ದಿನದ ಲ್ಯಾಬ್ ರಿಪೋರ್ಟ್, ಈ ಮೂರೂ ಇರಲಿ.