ಎದೆನೋವು: ಗ್ಯಾಸೋ, ಹೃದಯದ ತೊಂದರೆಯೋ?

ಮಕ್ಕಳೇ, ಬಲಗೈಯ ಎರಡು ಬೆರಳುಗಳನ್ನು ಎಡ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ಕಡೆಗೆ ಇಟ್ಟು ಮೆಲ್ಲಗೆ ಒತ್ತಿ. ಏನೋ ಮಿಡಿಯುತ್ತದೆ ಅಲ್ಲವೇ? ಅದೇ ನಾಡಿ. ಹೃದಯ ಒಮ್ಮೆ ಕುಗ್ಗಿ ರಕ್ತವನ್ನು ದೂಡಿದಾಗ ನಾಡಿ ಒಮ್ಮೆ ಮಿಡಿಯುತ್ತದೆ. 30 ಸೆಕೆಂಡು ಎಣಿಸಿ, ಎರಡರಿಂದ ಗುಣಿಸಿ. ಒಂದು ನಿಮಿಷದ ಮಿಡಿತ ಸಿಗುತ್ತದೆ.

ವಿಶ್ರಾಂತಿಯಲ್ಲಿರುವ ದೊಡ್ಡವರಲ್ಲಿ ಇದು 60 ರಿಂದ 100. ನಿಮ್ಮ ವಯಸ್ಸಿನಲ್ಲಿ ಸ್ವಲ್ಪ ಹೆಚ್ಚಿರಬಹುದು. ಈಗ ಶಾಲೆಯ ಮೈದಾನವನ್ನು ಎರಡು ಸುತ್ತು ಓಡಿ ಬಂದು ಮತ್ತೆ ಎಣಿಸಿ. ಮಿಡಿತ ಬಹಳ ಏರಿರುತ್ತದೆ. ಇದು ರೋಗವಲ್ಲ. ಓಡುವ ಕಾಲುಗಳಿಗೆ ಹೆಚ್ಚು ಆಮ್ಲಜನಕ ಬೇಕು, ಅದಕ್ಕಾಗಿ ಹೃದಯ ವೇಗವಾಗಿ ದುಡಿಯುತ್ತದೆ. ಕುಳಿತು ಸುಧಾರಿಸಿಕೊಂಡರೆ ಇಳಿಯುತ್ತದೆ. ಆದ್ದರಿಂದ ಬರೀ ಸಂಖ್ಯೆಯನ್ನು ನೋಡಿ ಹೆದರಬಾರದು. ಆ ವ್ಯಕ್ತಿ ಆಗ ಹೇಗಿದ್ದರು ಎಂಬುದನ್ನೂ ನೋಡಬೇಕು.

ಹೃದಯಾಘಾತ ಎಂದರೇನು?

ದಾವಣಗೆರೆ, ಹರಿಹರ ಭಾಗದ ಭತ್ತದ ಗದ್ದೆಗಳಿಗೆ ಭದ್ರಾ ನಾಲೆಯಿಂದ ನೀರು ಬರುತ್ತದೆ. ಉಪಕಾಲುವೆಯೊಂದರಲ್ಲಿ ಹೂಳು ತುಂಬಿ ಕಟ್ಟಿಕೊಂಡರೆ ಏನಾಗುತ್ತದೆ? ಮುಂದಿನ ಗದ್ದೆ ಒಣಗುತ್ತದೆ. ಹೃದಯದ ಸ್ನಾಯುವಿಗೂ ರಕ್ತ ಒಯ್ಯುವ ಇಂಥ ‘ಕಾಲುವೆ’ಗಳಿವೆ. ಇವೇ ಪರಿಧಮನಿಗಳು. ಇವುಗಳ ಒಳಗೋಡೆಯಲ್ಲಿ ವರ್ಷಾನುಗಟ್ಟಲೆ ಕೊಬ್ಬು ಸೇರುತ್ತಾ ಬಂದು, ಒಂದು ದಿನ ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಬಹುದು. ಆಗ ಆ ಭಾಗದ ಸ್ನಾಯು ಸಾಯತೊಡಗುತ್ತದೆ. ಇದೇ ಹೃದಯಾಘಾತ. ಬೀಡಿ, ಸಿಗರೇಟು, ಸಕ್ಕರೆ ಕಾಯಿಲೆ, ಹೆಚ್ಚಿದ ರಕ್ತದೊತ್ತಡ ಇವೆಲ್ಲ ಈ ಅಪಾಯವನ್ನು ಹೆಚ್ಚಿಸುತ್ತವೆ.

ಗುರುತಿಸುವುದು ಹೇಗೆ?

ಮಂಡಕ್ಕಿ ಜೊತೆ ನಾಲ್ಕು ಮೆಣಸಿನಕಾಯಿ ಬಜ್ಜಿ ತಿಂದರೆ ಎದೆ ಉರಿಯಬಹುದು. ಹೀಗಾಗಿ ಎದೆಯಲ್ಲಿ ಏನೇ ಆದರೂ ‘ಗ್ಯಾಸು’ ಎಂದು ಸೋಡಾ ಕುಡಿದು ಮಲಗುವವರಿದ್ದಾರೆ. ಇಲ್ಲಿಯೇ ಅಪಾಯ. ಕೆಳಗಿನ ಲಕ್ಷಣಗಳನ್ನು ನೆನಪಿಡಿ:

• ಎದೆಯ ಮೇಲೆ ಭಾರ ಇಟ್ಟಂತೆ, ಹಿಂಡಿದಂತೆ ನೋವು. ಕೆಲವು ನಿಮಿಷ ಕಳೆದರೂ ಕಡಿಮೆಯಾಗದಿರುವುದು
• ನೋವು ಭುಜ, ಎಡಗೈ, ಬೆನ್ನು ಅಥವಾ ದವಡೆಗೆ ಹರಡುವುದು
• ತಣ್ಣನೆಯ ಬೆವರು, ಉಸಿರಾಟದ ತೊಂದರೆ, ವಾಕರಿಕೆ

ಸಕ್ಕರೆ ಕಾಯಿಲೆ ಇರುವವರಲ್ಲಿ, ವಯಸ್ಸಾದವರಲ್ಲಿ ಮತ್ತು ಕೆಲವು ಹೆಂಗಸರಲ್ಲಿ ಎದೆನೋವು ಕಾಣಿಸದೇ ಬರೀ ಸುಸ್ತು, ಉಬ್ಬಸ ಇರಬಹುದು. ಗ್ಯಾಸೋ ಹೃದಯವೋ ಎಂದು ಮನೆಯಲ್ಲಿ ಕುಳಿತು ತೀರ್ಮಾನಿಸಲು ಆಗುವುದಿಲ್ಲ. ಅದಕ್ಕೆ ಪರೀಕ್ಷೆ ಬೇಕು.

ಪರೀಕ್ಷೆಗಳು ಏನು ಹೇಳುತ್ತವೆ?

ಇ.ಸಿ.ಜಿ.: ಹೃದಯದಲ್ಲಿ ಹುಟ್ಟುವ ಸಣ್ಣ ವಿದ್ಯುತ್ತನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುತ್ತದೆ. ಇದನ್ನು ರೂಪಿಸಿದ ಡಚ್ ವಿಜ್ಞಾನಿ ಐಂಥೋವನ್ ಅವರಿಗೆ 1924ರ ನೊಬೆಲ್ ಪ್ರಶಸ್ತಿ ದೊರೆಯಿತು.

ಟ್ರೋಪೋನಿನ್: ಹೃದಯ ಸ್ನಾಯುವಿನೊಳಗೆ ಇರುವ ಪ್ರೋಟೀನು. ಸ್ನಾಯುವಿಗೆ ಪೆಟ್ಟಾದರೆ ರಕ್ತಕ್ಕೆ ಸೋರುತ್ತದೆ. ಆದರೆ ರಕ್ತದಲ್ಲಿ ಏರಲು ಕೆಲವು ಗಂಟೆ ಹಿಡಿಯಬಹುದು.

ರಕ್ತದೊತ್ತಡ: ದೊಡ್ಡವರಲ್ಲಿ ಸುಮಾರು 120/80 ಸರಿಯಾದ ಅಳತೆ. ಗಾಬರಿಯಲ್ಲಿದ್ದಾಗ ಒಮ್ಮೆ ಹೆಚ್ಚು ಬಂದರೆ ಅದೇ ರೋಗವಲ್ಲ. ವಿಶ್ರಾಂತಿಯ ನಂತರ ಮತ್ತೆ ಅಳೆಯಬೇಕು.

ಇಲ್ಲೊಂದು ಮುಖ್ಯ ವಿಷಯವಿದೆ. ಹೃದಯಾಘಾತದ ಆರಂಭದಲ್ಲಿ ಮೊದಲ ಇ.ಸಿ.ಜಿ. ಸರಿಯಾಗಿಯೇ ಕಾಣಬಹುದು. ಅದಕ್ಕೇ ವೈದ್ಯರು ಸ್ವಲ್ಪ ಹೊತ್ತು ಬಿಟ್ಟು ಪರೀಕ್ಷೆಗಳನ್ನು ಮತ್ತೆ ಮಾಡುತ್ತಾರೆ. ‘ರಿಪೋರ್ಟ್ ನಾರ್ಮಲ್ ಇದೆ’ ಎಂದು ನೋವಿದ್ದರೂ ಎದ್ದು ಬರಬಾರದು.

ಸಮಯವೇ ಔಷಧ

ಮುಚ್ಚಿದ ದಾರಿ ಬೇಗ ತೆರೆದಷ್ಟೂ ಹೆಚ್ಚು ಸ್ನಾಯು ಉಳಿಯುತ್ತದೆ. ಹರಿಹರದಿಂದ ದಾವಣಗೆರೆಗೆ ಸುಮಾರು 14 ಕಿ.ಮೀ. ದಾರಿ ದೂರವಲ್ಲ, ‘ಬೆಳಿಗ್ಗೆ ನೋಡೋಣ’ ಎಂದು ಕಳೆಯುವ ಗಂಟೆಗಳೇ ದೂರ. ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ಹೃದಯ ತಜ್ಞರು ನೋಡುತ್ತಾರೆ. ಅಗತ್ಯವಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ.

ಮನೆಯಲ್ಲಿ ಯಾರಿಗಾದರೂ ಈ ಲಕ್ಷಣಗಳು ಕಂಡರೆ ಕೂಡಲೇ ದೊಡ್ಡವರನ್ನು ಕರೆಯಿರಿ. 108ಕ್ಕೆ ಫೋನ್ ಮಾಡಿ, ಊರು ಮತ್ತು ಗುರುತಿನ ಜಾಗ ಹೇಳಿ. ರೋಗಿಯನ್ನು ಒರಗಿಸಿ ಕೂರಿಸಿ. ನಡೆಸಬೇಡಿ, ಬೈಕಿನಲ್ಲಿ ಕೂರಿಸಬೇಡಿ.

ನಿಮ್ಮ ಹೃದಯ

ಮಕ್ಕಳಲ್ಲಿ ಹೃದಯಾಘಾತ ಅತಿ ವಿರಳ. ಆದರೆ ಆಡುವಾಗ ಎಚ್ಚರ ತಪ್ಪಿ ಬಿದ್ದರೆ, ತುಟಿ ನೀಲಿಯಾದರೆ, ಗಂಟಲು ನೋವು ಬಂದು ಕೆಲವು ವಾರಗಳ ನಂತರ ಜ್ವರದೊಂದಿಗೆ ಕೀಲುಗಳು ಊದಿಕೊಂಡರೆ ಶಿಕ್ಷಕರಿಗೂ ಮನೆಯವರಿಗೂ ಹೇಳಿ. ಕೊನೆಯದು ಸಂಧಿವಾತ ಜ್ವರವಿರಬಹುದು. ಇದು 5 ರಿಂದ 15 ವರ್ಷದವರಲ್ಲಿ ಹೆಚ್ಚು. ಹೃದಯದ ಕವಾಟಗಳನ್ನು ಕೆಡಿಸಬಲ್ಲದು. ಶಾಲೆಗೆ ಆರೋಗ್ಯ ತಪಾಸಣೆಗೆ ವೈದ್ಯರು ಬಂದಾಗ ನಾಚಿಕೊಳ್ಳದೆ ತಿಳಿಸಿ.

ಅಭ್ಯಾಸ

1. ಮನೆಯ ನಾಲ್ವರ ನಾಡಿಯನ್ನು ಅವರು ಕುಳಿತಿರುವಾಗ ಎಣಿಸಿ, ವಯಸ್ಸಿನೊಂದಿಗೆ ಪಟ್ಟಿ ಮಾಡಿ.
2. ಅಜ್ಜನಿಗೆ ಎದೆ ಹಿಂಡಿದಂತಾಗಿ ಬೆವರು ಬಂದಿದೆ. ಮೊದಲ ಇ.ಸಿ.ಜಿ. ಸರಿಯಾಗಿದೆ. ಅವರು ಮನೆಗೆ ಹೊರಡಬಹುದೇ? ಕಾರಣ ಕೊಡಿ.